ಹಳೆಯ ಪಂಪ್‌ಸೆಟ್ಟಿನಲ್ಲಿ ಕಿಡಿ ಬಾರದಿದ್ದಾಗ: ಪರೀಕ್ಷೆಯ ಕ್ರಮ

ಕಡೂರು ತಾಲ್ಲೂಕು ಮಧ್ಯ ಒಣ ವಲಯಕ್ಕೆ ಸೇರಿದ್ದು. ತರೀಕೆರೆ ಹಾಗೂ ಹಿಂದೆ ಅದರ ಭಾಗವೇ ಆಗಿದ್ದ ಅಜ್ಜಂಪುರ, ಒಣನಾಡಿಗೂ ಮಲೆನಾಡಿಗೂ ನಡುವಣ ಪ್ರದೇಶ. ಮೂರೂ ಕಡೆ ಮಳೆ ನಡುವೆ ಕೈಕೊಡುವುದು ಹೊಸದಲ್ಲ. ಆಗ ಹಳ್ಳದಿಂದಲೋ ಕೆರೆಯ ಕಾಲುವೆಯಿಂದಲೋ ಕೃಷಿಹೊಂಡದಿಂದಲೋ ನೀರೆತ್ತಲು, ಕೈಯಲ್ಲಿ ಹೊತ್ತೊಯ್ಯಬಹುದಾದ ಸಣ್ಣ ಎಂಜಿನ್ ಪಂಪೇ ಆಸರೆ. ಪೆಟ್ರೋಲಿನಲ್ಲಿ ಆರಂಭಿಸಿ ಸೀಮೆಎಣ್ಣೆಯಲ್ಲಿ ನಡೆಸುತ್ತಿದ್ದ ಹಳೆಯ ಪಂಪುಗಳು ಇಂದಿಗೂ ಹಲವು ಮನೆಗಳ ಕೊಟ್ಟಿಗೆಯಲ್ಲಿವೆ. ಕೆಲವರು ಅವನ್ನು ಈಗ ಬರೀ ಪೆಟ್ರೋಲಿನಲ್ಲೇ ನಡೆಸುತ್ತಾರೆ.

ಕೆಲವು ವರ್ಷಗಳ ಹಿಂದೆ ಅಜ್ಜಂಪುರದ ಸಮೀಪ ಒಬ್ಬ ರೈತರ ಈರುಳ್ಳಿ ಹೊಲ ನೋಡಲು ಹೋಗಿದ್ದೆ. ಗಡ್ಡೆ ಕಟ್ಟುವ ಹಂತ. ಮಳೆ ನಿಂತು ಎರಡು ವಾರವಾಗಿತ್ತು. ಹಳ್ಳದಲ್ಲಿ ನೀರಿತ್ತು, ದಡದಲ್ಲಿ ಪಂಪೂ ಇತ್ತು, ಆದರೆ ಪಂಪು ಚಾಲೂ ಆಗುತ್ತಿರಲಿಲ್ಲ. ಪೇಟೆಗೆ ಒಯ್ದು ಕಾರ್ಬುರೇಟರ್ ಬದಲಾಯಿಸಿಕೊಂಡು ಬಂದಿದ್ದರು. ಆರು ದಿನ ಕಳೆದಿತ್ತು. ಕೊನೆಗೆ ಸಿಕ್ಕಿದ ದೋಷವೆಂದರೆ ಇಲಿ ಕಡಿದ ಒಂದು ತಂತಿ ಎಂಜಿನ್ನಿನ ಮೈಗೆ ತಾಗುತ್ತಿದ್ದುದು. ಈರುಳ್ಳಿಯ ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಅದು ಒಣಗನ್ನು ತಾಳದು. ಬಹಳ ಒಣಗಿದ ಮೇಲೆ ಒಮ್ಮೆಲೇ ನೀರು ಕೊಟ್ಟರೆ ಗಡ್ಡೆ ಸೀಳುತ್ತದೆ. ಆ ಹೊಲದಲ್ಲಿ ಎರಡೂ ಆಯಿತು.

ನನ್ನ ವಿಷಯ ಬೇಸಾಯಶಾಸ್ತ್ರ, ಯಂತ್ರವಲ್ಲ. ಆದರೆ ಸಕಾಲದಲ್ಲಿ ನೀರು ಕೊಡಿ ಎಂದು ಹೇಳುವವನು ನೀರೆತ್ತುವ ಯಂತ್ರವನ್ನೂ ಅರಿಯಬೇಕೆಂದು ಅಂದು ಮನವರಿಕೆಯಾಯಿತು. ಇಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ: ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಮಾಡಿ, ಖರ್ಚಿನದನ್ನು ಕೊನೆಗೆ ಇಡಿ.

ಕಿಡಿ ಹುಟ್ಟುವ ಬಗೆ

ಈ ಪಂಪುಗಳಲ್ಲಿ ಬ್ಯಾಟರಿ ಇಲ್ಲ. ಫ್ಲೈವ್ಹೀಲಿನಲ್ಲಿ ಅಯಸ್ಕಾಂತಗಳಿವೆ. ಅದು ತಿರುಗಿದಾಗ ಕಾಯಿಲಿನ ದಪ್ಪ ತಂತಿಯ ಸುತ್ತಿನಲ್ಲಿ ವಿದ್ಯುತ್ ಹುಟ್ಟುತ್ತದೆ. ಸರಿಯಾದ ಗಳಿಗೆಯಲ್ಲಿ ಕಾಂಟ್ಯಾಕ್ಟ್ ಪಾಯಿಂಟುಗಳು ಬೇರ್ಪಟ್ಟು ಆ ವಿದ್ಯುತ್ತನ್ನು ಕಡಿಯುತ್ತವೆ. ಕೂಡಲೆ ತೆಳು ತಂತಿಯ ಸಾವಿರಾರು ಸುತ್ತುಗಳಲ್ಲಿ ಹತ್ತು ಸಾವಿರ ವೋಲ್ಟಿಗೂ ಮಿಕ್ಕ ಒತ್ತಡ ಉಂಟಾಗಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಪಾಯಿಂಟುಗಳು ಸುಡದಂತೆ ಕಾಯುವುದು ಕಂಡೆನ್ಸರ್. ಇದಕ್ಕೆ ಮ್ಯಾಗ್ನೆಟೋ ಎಂದು ಹೆಸರು. ದೋಣಿಯ ಹಿಂಬದಿಗೆ ಬಿಗಿಯುವ ಹಳೆಯ ಮೋಟಾರುಗಳಲ್ಲಿಯೂ ಹಳೆಯ ಪವರ್ ಸ್ಪ್ರೇಯರುಗಳಲ್ಲಿಯೂ ಇದೇ ಏರ್ಪಾಡು. ಆದ್ದರಿಂದ ಪರೀಕ್ಷೆಯ ಕ್ರಮವೂ ಒಂದೇ.

ಪರೀಕ್ಷೆಯ ಕ್ರಮ

1. ದೋಷ ಎಣ್ಣೆಯದೋ ಕಿಡಿಯದೋ? ಹತ್ತಾರು ಸಲ ಹಗ್ಗ ಎಳೆದ ಕೂಡಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ್ದರೆ ಎಣ್ಣೆ ಬರುತ್ತಿಲ್ಲ. ನಲ್ಲಿ, ಜಾಲರಿ, ಕಾರ್ಬುರೇಟರ್ ಪರೀಕ್ಷಿಸಿ. ಒದ್ದೆಯಾಗಿದ್ದರೆ ಎಣ್ಣೆ ಬಂದಿದೆ. ಕಿಡಿಯ ಮೇಲೆ ಸಂಶಯಪಡಿ. ಒದ್ದೆಯಲ್ಲಿ ಸೀಮೆಎಣ್ಣೆಯ ವಾಸನೆ ಇದ್ದರೆ ಹಿಂದಿನ ಸಲ ಸೀಮೆಎಣ್ಣೆಯಲ್ಲೇ ಎಂಜಿನ್ ನಿಲ್ಲಿಸಿರುತ್ತಾರೆ. ತಣ್ಣಗಿನ ಎಂಜಿನ್ ಸೀಮೆಎಣ್ಣೆಯಲ್ಲಿ ಹೊತ್ತದು. ಕಾರ್ಬುರೇಟರಿನಲ್ಲಿ ಉಳಿದುದನ್ನು ಬಸಿದು, ಪೆಟ್ರೋಲ್ ಬಿಟ್ಟು ಆರಂಭಿಸಿ. ಮುಂದೆ ನಿಲ್ಲಿಸುವ ಮೊದಲು ಕೆಲವು ನಿಮಿಷ ಪೆಟ್ರೋಲಿನಲ್ಲಿ ನಡೆಸುವುದನ್ನು ರೂಢಿಸಿಕೊಳ್ಳಿ.

2. ಪ್ಲಗ್. ಮಸಿ ಹಿಡಿದಿದ್ದರೆ ತಂತಿಯ ಬ್ರಷ್ಷಿನಿಂದ ಉಜ್ಜಿ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ. ಎರಡು ತುದಿಗಳ ನಡುವೆ ಮಸಿಯ ಎಳೆ ಸೇತುವೆ ಕಟ್ಟಿದ್ದರೂ ಕಿಡಿ ಹಾರದು. ಬಿಳಿಯ ಪಿಂಗಾಣಿ ಸೀಳಿದ್ದರೆ ಪ್ಲಗ್ ಎಸೆಯಿರಿ. ಅಂತರ ಸಾಮಾನ್ಯವಾಗಿ 0.5ರಿಂದ 0.6 ಮಿ.ಮೀ. ಇರಬೇಕು, ಯಂತ್ರದೊಡನೆ ಬಂದ ಕೈಪಿಡಿಯ ಅಳತೆಯೇ ಅಂತಿಮ.

3. ಕಿಡಿ ಪರೀಕ್ಷೆ. ಮೊದಲು ಎಣ್ಣೆಯ ನಲ್ಲಿ ಮುಚ್ಚಿ, ಚೆಲ್ಲಿದ ಪೆಟ್ರೋಲ್ ಒರೆಸಿ, ಎಣ್ಣೆಯ ಡಬ್ಬವನ್ನು ದೂರವಿಡಿ. ಒಳ್ಳೆಯದೆಂದು ತಿಳಿದಿರುವ ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರಿನ ಲೋಹಕ್ಕೆ ಒತ್ತಿಟ್ಟು, ಪ್ಲಗ್ಗಿನ ರಂಧ್ರದಿಂದ ದೂರದಲ್ಲಿ ನೆರಳಿನಲ್ಲಿ ಹಗ್ಗ ಎಳೆಯಿರಿ. ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿಯಬೇಕು, ಬರಿಗೈ ಕೂಡದು. ಚಟ್ಟೆಂದು ನೀಲಿ ಕಿಡಿ ಬಂದರೆ ಮ್ಯಾಗ್ನೆಟೋ ಸರಿಯಿದೆ. ಕೆಂಪು ಅಥವಾ ಹಳದಿಯ ಸಣ್ಣ ಕಿಡಿ ದುರ್ಬಲವಾದುದು. ಪ್ಲಗ್ ಸಿಕ್ಕಿಸದೆ ತಂತಿಯನ್ನು ಗಾಳಿಯಲ್ಲಿ ಬಿಟ್ಟು ಹಗ್ಗ ಎಳೆಯಬಾರದು, ಕಾಯಿಲ್ ಕೆಡುತ್ತದೆ.

4. ಪ್ಲಗ್ಗಿನ ತಂತಿ ಮತ್ತು ಟೊಪ್ಪಿ. ಸೀಳು, ಇಲಿ ಕಡಿತ, ತುಕ್ಕು ಇವೆಯೇ ನೋಡಿ. ಸಂಜೆಗತ್ತಲಲ್ಲಿ ಹಗ್ಗ ಎಳೆದರೆ ಸೋರುವ ಕಿಡಿ ಕಣ್ಣಿಗೇ ಕಾಣುತ್ತದೆ.

5. ನಿಲ್ಲಿಸುವ ಗುಂಡಿಯ ತಂತಿ. ಈ ಗುಂಡಿ ಒತ್ತಿದಾಗ ವಿದ್ಯುತ್ ಎಂಜಿನ್ನಿನ ಮೈಗೆ ಹರಿದು ಕಿಡಿ ನಿಲ್ಲುತ್ತದೆ. ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿದರೂ ಹೀಗೆಯೇ ಆಗುತ್ತದೆ. ತಂತಿಯನ್ನು ಬಿಡಿಸಿ ಮತ್ತೆ ಕಿಡಿ ನೋಡಿ. ಬಂದರೆ ದೋಷ ಸಿಕ್ಕಿತು. ಅಜ್ಜಂಪುರದ ಪಂಪಿನಲ್ಲಿ ಆದುದು ಇದೇ. ತಂತಿ ಬಿಡಿಸಿದ ಎಂಜಿನ್ ಗುಂಡಿಯಿಂದ ನಿಲ್ಲದು. ಎಣ್ಣೆಯ ನಲ್ಲಿ ಮುಚ್ಚಿ, ಚೋಕ್ ಹಾಕಿ ನಿಲ್ಲಿಸಬೇಕು.

ಇಷ್ಟರವರೆಗೆ ಬೇಕಾದುದು ಪ್ಲಗ್ ಸ್ಪ್ಯಾನರ್, ಇಕ್ಕಳ, ಬ್ರಷ್ ಮತ್ತು ಅರ್ಧ ಗಂಟೆ ಮಾತ್ರ.

6. ಪಾಯಿಂಟುಗಳು. ಹಲವು ಪಂಪುಗಳಲ್ಲಿ ಫ್ಲೈವ್ಹೀಲಿನ ಕಿಂಡಿಯ ಮೂಲಕ ಇವು ಕಾಣುತ್ತವೆ. ಮಳೆಗಾಲವಿಡೀ ಸುಮ್ಮನಿದ್ದ ಪಂಪಿನ ಪಾಯಿಂಟುಗಳಿಗೆ ತೇವದಿಂದ ಪೊರೆ ಕಟ್ಟುತ್ತದೆ. ಸಣ್ಣ ಅರದಿಂದ ಹಗುರಾಗಿ ಉಜ್ಜಿ, ಪೆಟ್ರೋಲಿನಲ್ಲಿ ನೆನೆಸಿದ ಸ್ವಚ್ಛ ಕಾಗದದ ಪಟ್ಟಿಯನ್ನು ನಡುವೆ ಎಳೆಯಿರಿ. ಪೂರ್ಣ ತೆರೆದಾಗ ಅಂತರ ಸುಮಾರು 0.3ರಿಂದ 0.4 ಮಿ.ಮೀ. ಇರಲಿ.

7. ಕಂಡೆನ್ಸರ್. ಪಾಯಿಂಟುಗಳು ಮತ್ತೆ ಮತ್ತೆ ಸುಟ್ಟು ಕಪ್ಪಾಗುವುದು, ಕಿಡಿ ದುರ್ಬಲವಾಗುವುದು ಇದರ ಲಕ್ಷಣ. ರಿಪೇರಿ ಇಲ್ಲ, ಬದಲಾಯಿಸಬೇಕು.

8. ಕಾಯಿಲ್. ಬಿಸಿಯಾದಾಗ ನಿಂತು, ತಣಿದ ಮೇಲೆ ಮತ್ತೆ ನಡೆದರೆ ಕಾಯಿಲ್ ಮೇಲೆ ಸಂಶಯ. ಆದರೆ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿದರೂ ಇದೇ ರೀತಿ ಆಗುತ್ತದೆ. ನಿಂತ ಕೂಡಲೆ ಕಿಡಿ ನೋಡಿ: ಇದ್ದರೆ ಮುಚ್ಚಳ ಸಡಿಲಿಸಿ, ಇಲ್ಲದಿದ್ದರೆ ಕಾಯಿಲ್ ಪರೀಕ್ಷೆ ಮಾಡಿಸಿ.

9. ಫ್ಲೈವ್ಹೀಲಿನ ಕೀಲಿ. ಕಿಡಿ ಚೆನ್ನಾಗಿದೆ, ಎಣ್ಣೆಯೂ ಬರುತ್ತಿದೆ, ಆದರೂ ಹಗ್ಗ ಹಿಂದಕ್ಕೆ ಒದೆಯುತ್ತದೆ, ಕಾರ್ಬುರೇಟರಿನಲ್ಲಿ ಸಿಡಿಯುತ್ತದೆ ಎಂದರೆ ಕೀಲಿ ತುಂಡಾಗಿ ಕಿಡಿಯ ಹೊತ್ತು ತಪ್ಪಿರಬಹುದು. ಫ್ಲೈವ್ಹೀಲನ್ನು ಎಳೆಗೋಲಿನಿಂದ ತೆಗೆಯಬೇಕು, ಸುತ್ತಿಗೆಯಿಂದ ಎಂದಿಗೂ ಹೊಡೆಯಬಾರದು. ಇದು ಮೆಕ್ಯಾನಿಕ್ಕಿನ ಕೆಲಸ.

ಹೊಸ ಮಾದರಿಗಳಲ್ಲಿ ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಕಾಯಿಲ್ ಇದೆ. ಅವುಗಳಿಗೆ ಮೊದಲ ಐದು ಪರೀಕ್ಷೆ ಹಾಗೆಯೇ ಅನ್ವಯಿಸುತ್ತವೆ. 6 ಮತ್ತು 7 ಬೇಕಿಲ್ಲ.

ಮುನ್ನೆಚ್ಚರಿಕೆ

ಮಳೆ ಹಿಡಿದುಕೊಂಡಿರುವಾಗ ಪಂಪನ್ನು ಮರೆತು, ಮಳೆ ಬಿಟ್ಟಾಗ ಹುಡುಕುವುದು ನಮ್ಮಲ್ಲಿ ಸಾಮಾನ್ಯ. ತಿಂಗಳಿಗೊಮ್ಮೆ ಹತ್ತು ನಿಮಿಷ ನಡೆಸಿ. ನೆಲದಿಂದ ಎತ್ತರದಲ್ಲಿ, ಇಲಿ ಬಾರದ ಕಡೆ ಇಡಿ. ತರೀಕೆರೆಯ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಸ್ಪ್ರೇಯರನ್ನು ಮುಂಗಾರಿಗೆ ಮೊದಲೇ ಹೀಗೆ ಪರೀಕ್ಷಿಸುವುದು ಲೇಸು. ಕೆಲಸ ಮುಗಿದ ಮೇಲೆ ಪ್ಲಗ್ಗಿನ ಸುತ್ತ, ತಂತಿಗಳ ಮೇಲೆ ಸಿಡಿದ ದ್ರಾವಣವನ್ನು ಒರೆಸಬೇಕು. ಒಂದು ಹೊಸ ಪ್ಲಗ್ ಮತ್ತು ಸ್ಪ್ಯಾನರ್ ಸದಾ ಪಂಪಿನ ಜೊತೆಗಿರಲಿ.

ಪೇಟೆಗೆ ಒಯ್ಯಲೇಬೇಕಾದಾಗಲೂ ಯಾವ ಯಾವ ಪರೀಕ್ಷೆ ಮಾಡಿದಿರಿ, ಕಿಡಿ ಇತ್ತೇ ಇಲ್ಲವೇ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. ಬೇಡದ ಭಾಗ ಬದಲಾಗುವುದು ಅದರಿಂದ ತಪ್ಪುತ್ತದೆ. ವಿಸ್ತರಣಾ ಕಾರ್ಯಕರ್ತರು ಕ್ಷೇತ್ರೋತ್ಸವದಲ್ಲಿ ತಳಿ, ಗೊಬ್ಬರಗಳ ಜೊತೆಗೆ ಈ ಐದು ಪರೀಕ್ಷೆಗಳನ್ನೂ ಒಮ್ಮೆ ಮಾಡಿ ತೋರಿಸಿದರೆ, ಗಡ್ಡೆ ಕಟ್ಟುವ ಹೊತ್ತಿಗೆ ಹೊಲಕ್ಕೆ ನೀರು ತಪ್ಪದು.