ಯೋಗಾಭ್ಯಾಸಕ್ಕೆ ಹಿತವಾದ ಚಡ್ಡಿಯ ಆಯ್ಕೆ



ಮೇವು, ಲಸಿಕೆ, ಕೆಚ್ಚಲು ಬಾವು ಇವುಗಳನ್ನು ಬಿಟ್ಟು ಪಶುವೈದ್ಯನೊಬ್ಬ ಚಡ್ಡಿಯ ಬಗ್ಗೆ ಬರೆಯಲು ಹೊರಟಿದ್ದಾನಲ್ಲ ಎಂದು ನೀವು ನಗಬಹುದು. ನಕ್ಕರೂ ಚಿಂತೆಯಿಲ್ಲ, ಓದಿ. ಈ ಪ್ರಶ್ನೆ ನನ್ನದಲ್ಲ. ಯಲಹಂಕದಾಚೆ ರಾಜಾನುಕುಂಟೆ ಕಡೆಯ ಸಂಘವೊಂದರಲ್ಲಿ, ಬೆಳಗಿನ ಹಾಲು ಹಾಕುವುದು ಮುಗಿದ ಮೇಲೆ, ಅರವತ್ತು ದಾಟಿದ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ ಪ್ರಶ್ನೆ ಇದು. "ಡಾಕ್ಟ್ರೇ, ನಗಬ್ಯಾಡಿ. ಯೋಗ ಮಾಡಾಕೆ ಎಂಥ ಚಡ್ಡಿ ಹಾಕ್ಕೋಬೇಕು?"

ಅವರ ಕಷ್ಟ ಹೀಗಿತ್ತು. ಸೊಂಟನೋವಿಗೆ ಆಸ್ಪತ್ರೆಯಲ್ಲಿ ಮಾತ್ರೆಯ ಜೊತೆಗೆ ದಿನಾ ಸ್ವಲ್ಪ ಯೋಗಾಸನ ಮಾಡಿ ಎಂದಿದ್ದರು. ಪಟ್ಟಣದಲ್ಲಿ ಕೆಲಸದಲ್ಲಿರುವ ಮಗ ಆರ್.ಟಿ. ನಗರದಿಂದ ಮೈಗೆ ಅಂಟಿಕೊಳ್ಳುವ ಕಪ್ಪು ಚಡ್ಡಿಯೊಂದನ್ನು ತಂದುಕೊಟ್ಟಿದ್ದ. ಅದನ್ನು ತೊಟ್ಟು ಸೊಸೆ, ಮೊಮ್ಮಕ್ಕಳ ಮುಂದೆ ಜಗುಲಿಗೆ ಬರಲು ಇವರಿಗೆ ಸಂಕೋಚ. ಲುಂಗಿಯಲ್ಲೇ ಮಾಡೋಣವೆಂದರೆ ಕಾಲೆತ್ತಿದ ಕೂಡಲೇ ಅದು ಮುಖದ ಮೇಲೆ ಬೀಳುತ್ತದೆ. ನಾಲ್ಕು ದಿನ ಮಾಡಿ ಬಿಟ್ಟುಬಿಟ್ಟಿದ್ದರು. ಸೊಂಟನೋವು ಮಾತ್ರ ಬಿಟ್ಟಿರಲಿಲ್ಲ.

ಎರಡು ಮೂರು ಹಸು ಕಟ್ಟಿಕೊಂಡು, ದಿನಕ್ಕೆ ಎರಡು ಹೊತ್ತು ಕುಕ್ಕರಗಾಲಿನಲ್ಲಿ ಕುಳಿತು ಹಾಲು ಕರೆದು, ಮೇವಿನ ಹೊರೆ ಹೊತ್ತು, ಬಾಗಿ ಸಗಣಿ ಬಾಚುವವರ ಸೊಂಟ, ಮಂಡಿ ಎಷ್ಟು ದಣಿಯುತ್ತವೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಇಂಥವರು ಒಂದು ಬಟ್ಟೆಯ ಸಂಕೋಚಕ್ಕಾಗಿ ಅಭ್ಯಾಸ ಬಿಡುವುದು ನಷ್ಟದ ಬಾಬ್ತು. ಆದುದರಿಂದ ಈ ಲೇಖನ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ಚಡ್ಡಿ ಕೊಳ್ಳುವಾಗ ನಾವೆಲ್ಲ ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿಕೊಳ್ಳುತ್ತೇವೆ. ನಿಂತಾಗ ಯಾವ ಚಡ್ಡಿಯಾದರೂ ಸರಿಯಾಗಿಯೇ ಇರುತ್ತದೆ. ನೀವು ಹಸುವಿನ ಪಕ್ಕದಲ್ಲಿ ಹೇಗೆ ಕೂರುತ್ತೀರೋ ಹಾಗೆ, ಮಂಡಿಗಳ ನಡುವೆ ಪಾತ್ರೆ ಹಿಡಿದವರಂತೆ, ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ಹಿಂಭಾಗದಲ್ಲಿ ಸೊಂಟದ ಪಟ್ಟಿ ಕೆಳಕ್ಕೆ ಜಾರಿತೆ? ಕಾಲು ಸೇರುವ ಜಾಗದಲ್ಲಿ ಬಟ್ಟೆ ಬಿಗಿದು ಎಳೆಯಿತೆ? ತೊಡೆಯ ಬುಡದಲ್ಲಿ ಹೊಲಿಗೆ ಕೊರೆಯಿತೆ? ಈ ಮೂರರಲ್ಲಿ ಒಂದಾದರೂ ಆದರೆ ಆ ಚಡ್ಡಿಯನ್ನು ಅಲ್ಲೇ ಬಿಟ್ಟು ಬನ್ನಿ. ಆಮೇಲೆ ಎದ್ದು ನಿಂತು ಒಂದು ಮಂಡಿಯನ್ನು ಎದೆಯವರೆಗೆ ಎತ್ತಿ, ಚಕ್ಕಳಮಕ್ಕಳ ಹಾಕಿ ಕೂತು ನೋಡಿ. ಅಂಗಡಿಯವರು ಏನೆಂದುಕೊಂಡಾರೋ ಎಂಬ ಚಿಂತೆ ಬೇಡ. ದುಡ್ಡು ನಿಮ್ಮದು.

ಹೀಗೇಕೆಂದರೆ, ಮನುಷ್ಯ ಕುಕ್ಕರಗಾಲಿನಲ್ಲಿ ಕುಳಿತಾಗ ಹಿಂದಿನ ಸೊಂಟದಿಂದ ಕಾಲಸಂದಿಯವರೆಗಿನ ಅಳತೆ ನಿಂತಾಗಿನದಕ್ಕಿಂತ ಹೆಚ್ಚಾಗುತ್ತದೆ. ನೇಯ್ದ ಹತ್ತಿಬಟ್ಟೆ ಹಿಗ್ಗುವುದಿಲ್ಲ. ಆ ಹೆಚ್ಚಿನ ಅಳತೆಯನ್ನು ಹೊಲಿಯುವಾಗಲೇ ಹಿಂಭಾಗದಲ್ಲಿ ಬಿಟ್ಟಿರಬೇಕು. ಇನ್ನೊಂದು ಮಾತು. ಪ್ಯಾಂಟಿನ ಮಾದರಿಯಲ್ಲಿ ಹೊಲಿದ ಚಡ್ಡಿಯಲ್ಲಿ ನಾಲ್ಕು ಕಡೆಯ ಹೊಲಿಗೆಗಳು ಕಾಲಸಂದಿಯ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಕಾಲು ಅಗಲಿಸಿದಾಗ ಎಳೆತವೆಲ್ಲ ಆ ಬಿಂದುವಿನ ಮೇಲೆಯೇ. ಒಂದೋ ಅದು ಹರಿಯುತ್ತದೆ, ಇಲ್ಲವೇ ಚರ್ಮವನ್ನು ತಿಕ್ಕುತ್ತದೆ. ಅಲ್ಲಿ ಚೌಕಾಕಾರದ ಒಂದು ತುಂಡುಬಟ್ಟೆ ಸೇರಿಸಿ ಹೊಲಿದಿದ್ದರೆ ಎಳೆತ ಹಂಚಿಹೋಗುತ್ತದೆ. ಚಡ್ಡಿಯನ್ನು ತಿರುವಿ ಹಾಕಿ ಆ ತುಂಡು ಇದೆಯೇ ಎಂದು ನೋಡುವುದು ಬಣ್ಣ ನೋಡುವುದಕ್ಕಿಂತ ಮುಖ್ಯ.

ನಮ್ಮ ಪಟ್ಟಾಪಟ್ಟಿ ಚಡ್ಡಿ

ಆ ಸದಸ್ಯರಿಗೆ ನಾನು ಹೇಳಿದ್ದು ಇಷ್ಟೇ: "ಯಜಮಾನ್ರೇ, ಈಗ ಪಂಚೆ ಒಳಗೆ ಏನ್ ತೊಟ್ಟಿದ್ದೀರೋ ಅದೇ ಸಾಕು."

ನಮ್ಮ ಕಡೆ ಹಿರಿಯರು ಇಂದಿಗೂ ತೊಡುವ ಪಟ್ಟಾಪಟ್ಟಿ ಚಡ್ಡಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಹತ್ತಿಬಟ್ಟೆ, ಸಡಿಲವಾದ ಕಾಲು, ಮಂಡಿಯ ಹತ್ತಿರಕ್ಕೆ ಬರುವ ಉದ್ದ, ಸೊಂಟಕ್ಕೆ ಲಾಡಿ. ಉಳುವಾಗ, ಪೈರು ನಾಟಿ ಮಾಡುವಾಗ, ಹಾಲು ಕರೆಯುವಾಗ ಬಾಗಿ ಎದ್ದು ಕೂರುವವರಿಗೆಂದೇ ರೂಢಿಯಾದ ಉಡುಪು ಇದು. ಸಿನಿಮಾಗಳಲ್ಲಿ ನಗಿಸುವುದಕ್ಕೆ ಇದನ್ನು ತೋರಿಸಿ ಸಾಕಷ್ಟು ಮಾನ ಕಳೆದಿದ್ದಾರೆ. ನನಗೆ ಅದು ಅನ್ಯಾಯವೆಂದೇ ತೋರುತ್ತದೆ.

ಹೊಲಿಸಿಕೊಳ್ಳುವವರು ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಆಮೇಲೆ ದರ್ಜಿಗೆ ಕೊಡಿ. ಹೊಸ ಹತ್ತಿಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಗೀರಿನ ಬಣ್ಣವೂ ಬಿಡುತ್ತದೆ. ಹಿಂಭಾಗದ ಅಳತೆಯನ್ನು ಕುಳಿತುಕೊಂಡೇ ಕೊಡಿ. ತೊಡೆಯ ಬಳಿ ನಿಮ್ಮ ಮುಷ್ಟಿ ಸಲೀಸಾಗಿ ಹೋಗುವಷ್ಟು ಅಗಲವಿರಲಿ. ಉದ್ದ ಮಂಡಿಗಿಂತ ಮೂರು ನಾಲ್ಕು ಬೆರಳು ಮೇಲೆ ನಿಂತರೆ ಸಾಕು, ಮಂಡಿ ಮಡಿಸಿದಾಗ ಬಟ್ಟೆ ಮಡಿಕೆಗೆ ಸಿಕ್ಕುವುದಿಲ್ಲ. ಕರುವಿನ ಕೊರಳಿಗೆ ಹಗ್ಗ ಕಟ್ಟುವಾಗ ಎರಡು ಬೆರಳು ಹೋಗುವಷ್ಟು ಸಡಿಲ ಬಿಡುತ್ತೀರಲ್ಲ, ಲಾಡಿಯನ್ನೂ ಹಾಗೆಯೇ ಕಟ್ಟಿ. ಗಂಟು ಹೊಕ್ಕುಳಿನ ಕೆಳಗೆ ಬೇಡ, ಪಕ್ಕಕ್ಕೆ ಇರಲಿ. ಭುಜಂಗಾಸನ, ಶಲಭಾಸನ, ಧನುರಾಸನಗಳಲ್ಲಿ ಬೋರಲು ಮಲಗಿದಾಗ ಆ ಗಂಟು ಹೊಟ್ಟೆಗೆ ಕಲ್ಲಿನಂತೆ ಒತ್ತುತ್ತದೆ. ಜೇಬಿನಲ್ಲಿರುವ ಬೈಕಿನ ಕೀಲಿ, ಸುಣ್ಣದ ಡಬ್ಬಿ, ಮೊಬೈಲು ಇವನ್ನೂ ತೆಗೆದಿಡಿ. ಎಲಾಸ್ಟಿಕ್ ಇರುವ ಸಿದ್ಧ ಉಡುಪಾದರೆ ಪಟ್ಟಿ ಎರಡು ಬೆರಳಷ್ಟಾದರೂ ಅಗಲವಿರಲಿ. ಕಿರಿದಾದ ಎಲಾಸ್ಟಿಕ್ ಮುಂದಕ್ಕೆ ಬಾಗಿದಾಗ ಹೊಟ್ಟೆಯನ್ನು ಕುಯ್ಯುತ್ತದೆ.

ಪಟ್ಟಾಪಟ್ಟಿಗೆ ಒಂದು ದೋಷವುಂಟು, ಅದನ್ನು ಮುಚ್ಚಿಡಬಾರದು. ಕಾಲು ಮೇಲೆತ್ತುವ ಸರ್ವಾಂಗಾಸನದಂಥ ಆಸನಗಳಲ್ಲಿ ಅದರ ಅಗಲವಾದ ಕಾಲು ತೊಡೆಯ ಬುಡದವರೆಗೆ ಜಾರುತ್ತದೆ. ಒಳಗೆ ಲಂಗೋಟಿ ಕಟ್ಟಿದರೆ ಮಾನಕ್ಕೆ ಚಿಂತೆಯಿಲ್ಲ. ಗರಡಿಮನೆಯವರ ರೂಢಿಯೂ ಲಂಗೋಟಿಯೇ. ಇದಕ್ಕೆ ಇನ್ನೊಂದು ಉಪಾಯವನ್ನು ಕಂಡುಕೊಂಡದ್ದು ನಮ್ಮ ನೆರೆಜಿಲ್ಲೆಯಲ್ಲಿ ಹುಟ್ಟಿದವರೊಬ್ಬರ ಪರಂಪರೆ. ಬಿ.ಕೆ.ಎಸ್. ಅಯ್ಯಂಗಾರ್ ಅವರು 1918 ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದರು. ಬಾಲ್ಯವೆಲ್ಲ ರೋಗರುಜಿನ. 1934 ರಲ್ಲಿ ಮೈಸೂರಿಗೆ ಹೋಗಿ, ಅಕ್ಕನ ಗಂಡನಾದ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಯುತ್ತಿದ್ದ ಕಾಲ ಅದು. 1937 ರಲ್ಲಿ ಪುಣೆಗೆ ಹೋದ ಅವರು 2014 ರಲ್ಲಿ ಅಲ್ಲಿಯೇ ತೀರಿಕೊಂಡರು. 1966 ರಲ್ಲಿ ಪ್ರಕಟವಾದ 'ಲೈಟ್ ಆನ್ ಯೋಗ' ಪುಸ್ತಕದ ನೂರಾರು ಚಿತ್ರಗಳಲ್ಲಿ ಅವರು ತೊಟ್ಟಿರುವುದು ಒಂದು ಚಿಕ್ಕ ಚಡ್ಡಿ ಮಾತ್ರ. ಮಂಡಿಚಿಪ್ಪು, ತೊಡೆಯ ಸ್ನಾಯು ಹೇಗಿವೆ ಎಂಬುದು ಕಣ್ಣಿಗೆ ಕಂಡರೆ ತಾನೆ ಗುರು ತಿದ್ದಲು ಸಾಧ್ಯ? ಅವರ ಪದ್ಧತಿಯಲ್ಲಿ ಕಲಿಯುವವರು ತೊಡೆಯ ಅಂಚಿಗೂ ಎಲಾಸ್ಟಿಕ್ ಇರುವ, ಉಬ್ಬಿದ ಚಡ್ಡಿಯನ್ನು ತೊಡುತ್ತಾರೆ. ಇದಕ್ಕೆ 'ಪುಣೆ ಚಡ್ಡಿ' ಎಂದೇ ಹೆಸರು. ತಲೆಕೆಳಗಾದರೂ ಅದು ಜಾರುವುದಿಲ್ಲ. ಊರಿನ ದರ್ಜಿಗೆ ಹೇಳಿದರೆ ಪಟ್ಟಾಪಟ್ಟಿಯ ಕಾಲಿನಂಚಿಗೇ ಸಡಿಲವಾದ ಎಲಾಸ್ಟಿಕ್ ಹಾಕಿಕೊಡುತ್ತಾನೆ. ಅಂದಹಾಗೆ, ರಕ್ತದ ಒತ್ತಡ ಇರುವವರು ವೈದ್ಯರನ್ನು ಕೇಳದೆ ತಲೆಕೆಳಗಿನ ಆಸನಗಳಿಗೆ ಕೈಹಾಕಬಾರದು, ಚಡ್ಡಿ ಎಂಥದೇ ಇರಲಿ.

ನಾನು ಪಟ್ಟ ಪಾಡು

ಬಟ್ಟೆ ಯಾವುದಿರಬೇಕು ಎಂಬುದನ್ನು ನಾನು ಕಲಿತದ್ದು ಪೆಟ್ಟು ತಿಂದು. ವರ್ಷಗಟ್ಟಲೆ ಕೃತಕ ಗರ್ಭಧಾರಣೆ, ಗರ್ಭಪರೀಕ್ಷೆ ಮಾಡಿ ನನಗೂ ಭುಜ, ಬೆನ್ನು ಹಿಡಿದುಕೊಂಡಿತ್ತು. ಯೋಗ ಶುರು ಮಾಡಿದೆ. ಯಶವಂತಪುರದಲ್ಲಿ ಹೊಳೆಯುವ ಪಾಲಿಯೆಸ್ಟರ್ ಚಡ್ಡಿಯೊಂದನ್ನು ಕೊಂಡೆ. ಹಗುರ, ಬೇಗ ಒಣಗುತ್ತದೆ, ನೋಡಲೂ ಚೆಂದ. ಅಭ್ಯಾಸ ಮುಗಿಸಿ ಸ್ನಾನಕ್ಕೆ ಸಮಯವಿಲ್ಲದೆ ಅದರ ಮೇಲೆಯೇ ಪ್ಯಾಂಟು ಏರಿಸಿ ಹಳ್ಳಿಗಳಿಗೆ ಹೊರಡುತ್ತಿದ್ದೆ. ಮಧ್ಯಾಹ್ನದವರೆಗೆ ಅದೇ ಬೆವರು, ಅದೇ ಬೈಕಿನ ಸೀಟು.

ತಿಂಗಳೊಳಗೆ ತೊಡೆಸಂದಿಯಲ್ಲಿ ತುರಿಕೆ, ಕೆಂಪಗಿನ ಬಳೆಯಂಥ ಗುರುತು. ಹುಳಕಡ್ಡಿ! ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬು ತಂದು ಹಚ್ಚಿದೆ. ನಾಲ್ಕೇ ದಿನಕ್ಕೆ ಮಾಯ. ಹಚ್ಚುವುದನ್ನು ನಿಲ್ಲಿಸಿದೆ. ಹದಿನೈದು ದಿನಕ್ಕೆ ಮೊದಲಿನ ಎರಡರಷ್ಟಾಗಿ ಮರಳಿ ಬಂತು. ಅಷ್ಟರಲ್ಲಿ ಒಂದೇ ಟವೆಲು ಬಳಸುತ್ತಿದ್ದ ಮಗನಿಗೂ ಹತ್ತಿತ್ತು. ಹಸುವಿಗೆ ಔಷಧಿಯನ್ನು ಅರ್ಧಕ್ಕೆ ನಿಲ್ಲಿಸಬೇಡಿ ಎಂದು ಕೊಟ್ಟಿಗೆ ಕೊಟ್ಟಿಗೆಗೂ ಹೇಳಿಕೊಂಡು ತಿರುಗುವವನು ನಾನೇ. ಚರ್ಮವೈದ್ಯರ ಮುಂದೆ ತಲೆಯೆತ್ತಲಾಗಲಿಲ್ಲ.

ಅವರು ತಿಳಿಸಿದ್ದು ಇದು. ಹುಳಕಡ್ಡಿ ಹುಳುವಿನಿಂದ ಬರುವುದಲ್ಲ, ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯ ಜೀವಿಯಿಂದ ಬರುವುದು. ಬೆಚ್ಚಗೆ, ತೇವವಾಗಿ, ಗಾಳಿಯಾಡದೆ ಇರುವ ಚರ್ಮ ಅದಕ್ಕೆ ಹದವಾದ ಹೊಲ. ಅಂಗಡಿಯಲ್ಲಿ ಕೈಗೆ ಸಿಗುವ ಎಷ್ಟೋ ಮಿಶ್ರಣದ ಟ್ಯೂಬುಗಳಲ್ಲಿ ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಎಂಬ ಸ್ಟೀರಾಯ್ಡುಗಳಿರುತ್ತವೆ. ಅವು ತುರಿಕೆಯನ್ನು ಅಡಗಿಸುತ್ತವೆ, ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಚರ್ಮದ ತಡೆಶಕ್ತಿ ಕುಗ್ಗಿ ರೋಗ ಒಳಗೊಳಗೇ ಹರಡುತ್ತದೆ, ಚರ್ಮ ತೆಳ್ಳಗಾಗಿ ಗೀರು ಬೀಳುತ್ತದೆ. ಟ್ಯೂಬಿನ ಮೇಲೆ ಈ ಹೆಸರುಗಳಿದ್ದರೆ ವೈದ್ಯರು ಬರೆದುಕೊಡದೆ ಹಚ್ಚಬೇಡಿ. ಸರಿಯಾದ ಔಷಧಿಯನ್ನು ತುರಿಕೆ ನಿಂತ ಮೇಲೂ ವೈದ್ಯರು ಹೇಳಿದಷ್ಟು ವಾರ ಬಳಸಬೇಕು.

ಹಾಗಾದರೆ ಪಾಲಿಯೆಸ್ಟರ್ ಪೂರ್ತಿ ನಿಷಿದ್ಧವೆ? ಹಾಗೇನಿಲ್ಲ. ಅರ್ಧ ಗಂಟೆ ತೊಟ್ಟು ಬಿಚ್ಚುವವರಿಗೆ ಅದರಿಂದ ತೊಂದರೆ ಇಲ್ಲ. ಹತ್ತಿಯೂ ಒದ್ದೆಯಾಗಿ ಮೈಮೇಲೆಯೇ ಉಳಿದರೆ ಅದೇ ಕೇಡು. ಆದರೂ ಬೆವರನ್ನು ಹೀರಿಕೊಳ್ಳುವ ಸಡಿಲವಾದ ಹತ್ತಿಯೇ ನಮ್ಮಂಥವರಿಗೆ ಮೇಲು. ಸ್ವಲ್ಪ ಹಿಗ್ಗಲಿ ಎನ್ನುವವರು ನೂರಕ್ಕೆ ಐದರಷ್ಟು ಸ್ಪ್ಯಾಂಡೆಕ್ಸ್ ಸೇರಿದ ಹತ್ತಿಯನ್ನು ಕೊಳ್ಳಬಹುದು. ಒಳಗಿನ ಚೀಟಿಯಲ್ಲಿ ಪ್ರಮಾಣ ಬರೆದಿರುತ್ತದೆ.

ಕೊಟ್ಟಿಗೆಯ ಬಟ್ಟೆ ಬೇರೆ, ಚಾಪೆಯ ಬಟ್ಟೆ ಬೇರೆ

ಇಲ್ಲಿಂದ ಮುಂದಿನದು ನನ್ನ ಕಸುಬಿನ ಮಾತು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ನಾವು ಓದಿದ ಹುಳಕಡ್ಡಿ ಕರುಗಳದ್ದು. ಎಳೆಗರುಗಳ ಕಣ್ಣಿನ ಸುತ್ತ, ಕಿವಿ, ಕುತ್ತಿಗೆಯ ಮೇಲೆ ಬೂದಿ ಮೆತ್ತಿದಂತೆ ದುಂಡನೆಯ ಹಕ್ಕಳೆ ಕಟ್ಟಿರುವುದನ್ನು ನೀವೂ ನೋಡಿದ್ದೀರಿ. ಇದಕ್ಕೆ ಬಹುಪಾಲು ಕಾರಣವಾದದ್ದು ಟ್ರೈಕೋಫೈಟಾನ್ ವೆರುಕೋಸಮ್ ಎಂಬ ಶಿಲೀಂಧ್ರ. ಕರುವಿನಲ್ಲಿ ಇದು ಕೆಲವು ತಿಂಗಳಲ್ಲಿ ತಾನಾಗಿಯೇ ವಾಸಿಯಾಗಬಹುದು. ಆದರೆ ಅದರ ಬೀಜಕಣಗಳು ಕೊಟ್ಟಿಗೆಯ ಕಂಬ, ಗೋದಲಿ, ಹಗ್ಗದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ, ಕರುವನ್ನು ಹಿಡಿಯುವವರ ಕೈ, ತೋಳು, ಮುಖಕ್ಕೂ ಹತ್ತುತ್ತವೆ. ನನ್ನಂತೆ ತೊಡೆಸಂದಿಯಲ್ಲಿ ಬರುವುದು ಬಹುಮಟ್ಟಿಗೆ ಮನುಷ್ಯರಿಂದ ಮನುಷ್ಯರಿಗೆ ಬಟ್ಟೆ, ಟವೆಲುಗಳ ಮೂಲಕ ಬರುವ ಬೇರೆ ಜಾತಿಯದು. ಅದನ್ನು ಕರುವಿನ ತಲೆಗೆ ಕಟ್ಟುವುದು ಸರಿಯಲ್ಲ. ತಡೆಯುವ ದಾರಿ ಮಾತ್ರ ಎರಡಕ್ಕೂ ಒಂದೇ.

ಕೊಟ್ಟಿಗೆಯಲ್ಲಿ ತೊಟ್ಟ ಚಡ್ಡಿಯಲ್ಲೇ ಚಾಪೆಯ ಮೇಲೆ ಕೂರಬೇಡಿ. ಹಸು ಕಂದು ಹಾಕಿದ್ದರೆ, ಸತ್ತೆ ಬೀಳದೆ ಕೈಹಾಕಿ ತೆಗೆದಿದ್ದರೆ, ಆ ಬಟ್ಟೆಯನ್ನು ಮನೆಯೊಳಕ್ಕೇ ತರಬೇಡಿ. ಕಂದುರೋಗ, ಅಂದರೆ ಬ್ರುಸೆಲ್ಲಾ, ಮನುಷ್ಯರಿಗೂ ಬರುತ್ತದೆ. ಬೆಳಗಿನ ಹಾಲು ಸಂಘಕ್ಕೆ ಹಾಕಿ ಬಂದು, ಕೈಕಾಲು ತೊಳೆದು, ಒಣಗಿದ ಚಡ್ಡಿ ತೊಟ್ಟು, ತಿಂಡಿಗೆ ಮೊದಲು ಅಭ್ಯಾಸ ಮಾಡುವುದು ನಮ್ಮವರಿಗೆ ಹೊಂದುವ ಹೊತ್ತು. ಮುಗಿದ ಕೂಡಲೇ ಬಿಚ್ಚಿ ಒಗೆಯಲು ಹಾಕಿ. ಕೆಚ್ಚಲು ಒರೆಸಲು ಒಂದೊಂದು ಹಸುವಿಗೂ ಬೇರೆ ಬಟ್ಟೆ ಇಡಿ ಎಂದರೆ ಈಗ ಹೆಚ್ಚಿನವರು ಇಡುತ್ತೀರಿ. ಮನೆಯಲ್ಲಿ ಮಾತ್ರ ಐದು ಮಂದಿಗೆ ಒಂದೇ ಟವೆಲು!

ಮೂರು ಚಡ್ಡಿ ಇದ್ದರೆ ಸರದಿಗೆ ಸಾಕು. ಮನೆಯಲ್ಲಿ ಯಾರಿಗಾದರೂ ಹುಳಕಡ್ಡಿ ಇದ್ದರೆ ಅವರ ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆದು, ತಿರುವಿ ಹಾಕಿ, ಒಳಮೈ ಬಿಸಿಲಿಗೆ ಕಾಣುವಂತೆ ಹರವಿ. ಮಳೆಗಾಲದಲ್ಲಿ ಬಿಸಿಲು ಕಾಣದ ದಿನ ಇಸ್ತ್ರಿಪೆಟ್ಟಿಗೆಯನ್ನು ಸೊಂಟದ ಪಟ್ಟಿ ಮತ್ತು ಹೊಲಿಗೆಗಳ ಮೇಲೆ ನಿಧಾನವಾಗಿ ಎರಡು ಸಲ ಆಡಿಸಿ. ತೇವ ಕೊನೆಗೆ ಉಳಿಯುವುದು ಅಲ್ಲಿಯೇ.