ಕಷ್ಟಕಾಲದ ಕರಾರು

ಲಾಭದ ದಿನಗಳಲ್ಲಿ ಕರಾರು ಪಾಲಿಸುವುದು ಸುಲಭ. ಕೈಯಲ್ಲಿ ಹಣವಿರುವಾಗ ಮಾಲಕನೂ ಉದಾರಿ, ಕಾರ್ಮಿಕನೂ ಸಂತುಷ್ಟ. ನಷ್ಟವು ಬಾಗಿಲು ತಟ್ಟಿದಾಗಲೇ ಇಬ್ಬರ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಕೊಟ್ಟ ಮಾತನ್ನು ಬದಲಾಯಿಸಲೇಬೇಕಾದ ಸ್ಥಿತಿ ಬಂದರೆ ಅದರ ಕ್ರಮವೇನು? ಭಾರವನ್ನು ಯಾರು ಹೊರಬೇಕು? ಅಮೆರಿಕದ ಒಂದು ಪತ್ರಿಕೆಯಲ್ಲಿ ನಡೆದ ಮಾತುಕತೆಯಿಂದ ಈ ವಿಷಯದಲ್ಲಿ ನಮಗೆ ಕಲಿಯಲಿಕ್ಕಿದೆ.

ಬೋಸ್ಟನ್‌ನಲ್ಲಿ ನಡೆದುದು

'ಬೋಸ್ಟನ್ ಗ್ಲೋಬ್' 1872ರಲ್ಲಿ ಆರಂಭವಾದ ಪತ್ರಿಕೆ. 1993ರಲ್ಲಿ ನ್ಯೂಯಾರ್ಕ್ ಟೈಮ್ಸ್ ಕಂಪೆನಿಯು ಅದನ್ನು 110 ಕೋಟಿ ಡಾಲರ್‌ಗೆ ಖರೀದಿಸಿತು. ಉದ್ಯೋಗ, ಮನೆ ಬಾಡಿಗೆ, ಹಳೆಯ ಕಾರು ಮಾರಾಟದಂತಹ ಸಣ್ಣ ಜಾಹೀರಾತುಗಳು ಅಂದಿನ ಪತ್ರಿಕೆಗಳಿಗೆ ದೊಡ್ಡ ಆದಾಯವಾಗಿದ್ದವು. ಇಂಟರ್‌ನೆಟ್ ಬಂದು ಅವುಗಳನ್ನು ಕೊಂಡೊಯ್ದಿತು. 2008ರ ಆರ್ಥಿಕ ಕುಸಿತವು ಉಳಿದುದನ್ನೂ ಅಲುಗಾಡಿಸಿತು. 2009ರಲ್ಲಿ ನಷ್ಟವು 8.5 ಕೋಟಿ ಡಾಲರ್ ಮುಟ್ಟೀತೆಂದು ಅಂದಾಜಾಯಿತು.

ಆ ವರ್ಷದ ಎಪ್ರಿಲ್‌ನಲ್ಲಿ ಕಂಪೆನಿಯು ಕಾರ್ಮಿಕ ಸಂಘಗಳ ಮುಂದೆ ಒಂದು ಷರತ್ತನ್ನಿಟ್ಟಿತು. ಎಲ್ಲ ಸಂಘಗಳೂ ಸೇರಿ 2 ಕೋಟಿ ಡಾಲರ್‌ನಷ್ಟು ಬಿಟ್ಟುಕೊಡಬೇಕು, ಇಲ್ಲವಾದರೆ ಪತ್ರಿಕೆಯನ್ನೇ ಮುಚ್ಚಲಾಗುವುದು. ಇದರಲ್ಲಿ ಅರ್ಧ ಭಾರವು ವರದಿಗಾರರು, ಸಂಪಾದಕರು ಮೊದಲಾದವರಿದ್ದ ಅತಿದೊಡ್ಡ ಸಂಘ 'ಬೋಸ್ಟನ್ ನ್ಯೂಸ್‌ಪೇಪರ್ ಗಿಲ್ಡ್'ನ ಮೇಲೆ ಬಿತ್ತು. ಅದರ ಸುಮಾರು 190 ಹಳೆಯ ನೌಕರರಿಗೆ ಜೀವನಪರ್ಯಂತ ಉದ್ಯೋಗದ ಭರವಸೆಯನ್ನು ಹಿಂದಿನ ಕರಾರು ಕೊಟ್ಟಿತ್ತು. ಅದನ್ನೂ ಕೈಬಿಡಬೇಕೆಂಬುದು ಕಂಪೆನಿಯ ಬೇಡಿಕೆಯಾಗಿತ್ತು.

ಸಂಬಳದಲ್ಲಿ ಶೇ. 8ಕ್ಕಿಂತ ತುಸು ಹೆಚ್ಚು ಕಡಿತ, ಸಂಬಳವಿಲ್ಲದ ರಜೆ ಮತ್ತು ಉದ್ಯೋಗ ಭರವಸೆಯ ರದ್ದತಿಯಿದ್ದ ಪ್ರಸ್ತಾಪವು ಜೂನ್ 8ರಂದು ಮತಕ್ಕೆ ಬಂತು. ಪರವಾಗಿ 265, ವಿರುದ್ಧವಾಗಿ 277. ಕೇವಲ 12 ಮತಗಳ ಅಂತರದಿಂದ ಅದು ಬಿದ್ದುಹೋಯಿತು. ಕೂಡಲೇ ಕಂಪೆನಿಯು ಮಾತುಕತೆ ಮುರಿದುಬಿದ್ದಿದೆಯೆಂದು ಘೋಷಿಸಿ ಶೇ. 23ರಷ್ಟು ಸಂಬಳ ಕಡಿತವನ್ನು ಹೇರಿತು. ಸಂಘವು ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿಗೆ ದೂರಿತ್ತಿತು. ಮಾತುಕತೆ ಮತ್ತೆ ಆರಂಭವಾಗಿ, ಜುಲೈ 20ರಂದು ಸುಮಾರು ಶೇ. 6ರ ಕಡಿತದ ಹೊಸ ಒಪ್ಪಂದವು ದೊಡ್ಡ ಬಹುಮತದಿಂದ ಅಂಗೀಕೃತವಾಯಿತು. ಆದರೆ ಜೀವನಪರ್ಯಂತದ ಭರವಸೆ ಉಳಿಯಲಿಲ್ಲ.

ಲೆಕ್ಕ ತೆರೆದಿಡಬೇಕು

ಇಲ್ಲಿ ಮೊದಲು ಏಳುವ ಪ್ರಶ್ನೆ: ಕಷ್ಟ ನಿಜವೇ? ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯವು ಕರಾರುಗಳನ್ನು ಪೂರೈಸಬೇಕೆಂಬ ಆದೇಶದಿಂದಲೇ ಆರಂಭವಾಗುತ್ತದೆ. ಜೊತೆಗೆ, ಸಾಲಗಾರನು ಇಕ್ಕಟ್ಟಿನಲ್ಲಿದ್ದರೆ ಅವನಿಗೆ ಕಾಲಾವಕಾಶ ನೀಡಬೇಕೆಂದು ಅಲ್ ಬಕರಃ ಅಧ್ಯಾಯ ಕಲಿಸುತ್ತದೆ. ಶಕ್ತನಾಗಿದ್ದೂ ವಿಳಂಬಿಸುವುದನ್ನು ಪ್ರವಾದಿವರ್ಯರು(ಸ) ಅಕ್ರಮವೆಂದು ಪರಿಗಣಿಸಿದ್ದಾರೆ. ಹಾಗಾದರೆ ಇಕ್ಕಟ್ಟಿನಲ್ಲಿರುವವನಿಗೂ ಇಕ್ಕಟ್ಟಿನ ನೆಪ ಹೇಳುವವನಿಗೂ ಇರುವ ವ್ಯತ್ಯಾಸ ತಿಳಿಯುವುದು ಹೇಗೆ? ಲೆಕ್ಕ ನೋಡಿದಾಗ ಮಾತ್ರ.

ಅಮೆರಿಕದ ಕಾನೂನೂ ಇದನ್ನು ಗುರುತಿಸಿದೆ. ಟ್ರುಯಿಟ್ ಎಂಬ ಕಂಪೆನಿಯ ಕಾರ್ಮಿಕರು ಗಂಟೆಗೆ 10 ಸೆಂಟ್ ಹೆಚ್ಚಳ ಕೇಳಿದರು. ಎರಡೂವರೆ ಸೆಂಟ್‌ಗಿಂತ ಹೆಚ್ಚು ಕೊಟ್ಟರೆ ಮುಳುಗಿಹೋಗುತ್ತೇವೆಂದ ಕಂಪೆನಿಯು ಲೆಕ್ಕ ತೋರಿಸಲು ಮಾತ್ರ ಒಪ್ಪಲಿಲ್ಲ. ಕೊಡಲು ಶಕ್ತಿಯಿಲ್ಲವೆಂದು ವಾದಿಸುವ ಮಾಲಕನು, ಕೇಳಿದಾಗ ಅದಕ್ಕೆ ಆಧಾರ ಒದಗಿಸದಿರುವುದು ಪ್ರಾಮಾಣಿಕ ಮಾತುಕತೆಗೆ ವಿರುದ್ಧವೆಂದು ಪರಿಗಣಿಸಬಹುದೆಂದು 1956ರಲ್ಲಿ ಅಲ್ಲಿನ ಸುಪ್ರೀಮ್ ಕೋರ್ಟು ತೀರ್ಮಾನಿಸಿತು. ಗ್ಲೋಬ್‌ನ ಮಾತುಕತೆಯ ನಡುವೆ ಆಡಳಿತದ ಲೆಕ್ಕದಲ್ಲೇ 45 ಲಕ್ಷ ಡಾಲರ್‌ಗಳ ತಪ್ಪು ಬೆಳಕಿಗೆ ಬಂದಿತ್ತು. ಲೆಕ್ಕದ ಮೇಲೆ ಸಂಶಯ ಮೂಡಿದ ಮೇಲೆ ಮಾತಿನ ಮೇಲೆ ನಂಬಿಕೆ ಉಳಿಯುವುದು ಕಷ್ಟ.

ಹೇರಿಕೆ ಮತ್ತು ಒಪ್ಪಿಗೆ

ಎರಡನೆಯ ಪಾಠವು ಒಪ್ಪಿಗೆಗೆ ಸಂಬಂಧಿಸಿದ್ದು. ಒಮ್ಮೆ ಇಬ್ಬರೂ ಒಪ್ಪಿ ಮಾಡಿದ್ದನ್ನು ಇಬ್ಬರೂ ಒಪ್ಪಿಯೇ ಬದಲಾಯಿಸಬೇಕು. ಒಬ್ಬನು ಬಾಗಿಲಿಗೆ ಬೀಗ ಹಾಕುವ ಬೆದರಿಕೆಯೊಡ್ಡಿ ಸಹಿ ಪಡೆದರೆ ಕಾಗದದಲ್ಲಿ ಅದು ಒಪ್ಪಂದವಾದೀತು, ಹೃದಯದಲ್ಲಿ ಆಗದು. ಸಂಬಳದ ಕಾಲು ಭಾಗವನ್ನೇ ಕಿತ್ತುಕೊಂಡಾಗ ದೂರು ಹುಟ್ಟಿತು. ಮತ್ತೆ ಕುಳಿತು ಮಾತನಾಡಿದಾಗ ದಾರಿ ತೆರೆಯಿತು.

ಸಂಘದೊಳಗಿನ ನ್ಯಾಯ

ನ್ಯಾಯವು ಮಾಲಕನಿಗೆ ಮಾತ್ರ ಕಡ್ಡಾಯವಲ್ಲ. 190 ಮಂದಿಯ ಭರವಸೆ ಉಳಿಯಬೇಕೇ, ಇಲ್ಲ ಎಲ್ಲರ ಸಂಬಳವೇ? ಬಹುಮತವಿದೆಯೆಂದು ಕೆಲವರ ಹಕ್ಕನ್ನು ಹರಕೆಯ ಕುರಿ ಮಾಡುವುದು ನ್ಯಾಯವಲ್ಲ. ಹಾಗೆಯೇ, ಹಳಬರ ಸೌಲಭ್ಯ ಉಳಿಯಲೆಂದು ಕಿರಿಯರನ್ನು ಬೀದಿಗಿಳಿಸುವುದೂ ನ್ಯಾಯವಲ್ಲ. ಸಾಮರ್ಥ್ಯಕ್ಕನುಸಾರ ಭಾರ ಹಂಚಿಕೊಳ್ಳುವುದೇ ಸಂಘಟನೆಯ ಆತ್ಮ. ಸಂಬಳ ಕಡಿತದ ಪಟ್ಟಿ ಮೇಲಿನ ಕೊಠಡಿಯಿಂದ ಆರಂಭವಾದರೆ ಕೆಳಗಿನವರಿಗೆ ಅದನ್ನು ಸಹಿಸಲು ಧೈರ್ಯ ಬರುತ್ತದೆ.

ತ್ಯಾಗದಿಂದ ದೊರೆಯುವುದೇನು?

2013ರಲ್ಲಿ ಗ್ಲೋಬ್ ಪತ್ರಿಕೆಯು ಜಾನ್ ಹೆನ್ರಿ ಎಂಬ ಉದ್ಯಮಿಗೆ 7 ಕೋಟಿ ಡಾಲರ್‌ಗೆ ಮಾರಾಟವಾಯಿತು. ಇದು ಖರೀದಿ ಬೆಲೆಯ ಹದಿನೈದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕಾರ್ಮಿಕರು ಸಂಬಳ ಬಿಟ್ಟುಕೊಟ್ಟಾಗ ಉದ್ಯಮಕ್ಕೆ ಸಿಗುವುದು ಸಮಯ ಮಾತ್ರ, ಜಾಹೀರಾತು ಮರಳಿ ಬರುವುದಿಲ್ಲ. ಆ ಸಮಯವನ್ನು ಹೊಸ ದಾರಿ ಹುಡುಕಲು ಬಳಸುವುದು ಮಾಲಕನ ಹೊಣೆ. ಬಡವನ ಊಟದ ಬಟ್ಟಲಿನಿಂದ ತೆಗೆದ ಆ ಪಾಲು ಅವನ ಬಳಿಯಿರುವ ಅಮಾನತು. ಅದನ್ನು ಪೋಲು ಮಾಡಿದರೆ ಅವನು ವಂಚಕನೇ ಸರಿ.

ಪತ್ರಿಕೆ ನಡೆಸುವವರು ನಮ್ಮಲ್ಲಿ ವಿರಳ. ಆದರೆ ಅಂಗಡಿಯಲ್ಲಿ ಇಬ್ಬರು ಹುಡುಗರನ್ನಿಟ್ಟವರು, ಮನೆಗೆಲಸಕ್ಕೆ ಒಬ್ಬಾಕೆಯನ್ನು ನೇಮಿಸಿದವರು ನಮ್ಮಲ್ಲಿ ಧಾರಾಳ ಇದ್ದಾರೆ. ವ್ಯಾಪಾರ ಕುಸಿದ ತಿಂಗಳಲ್ಲಿ ನಾವು ಮೊದಲು ಕೈಹಾಕುವುದು ಯಾವ ಖರ್ಚಿಗೆ? ನಮ್ಮ ಮನೆಯ ಮದುವೆಯ ಆಡಂಬರಕ್ಕೋ, ಅವರ ಸಂಬಳಕ್ಕೋ? ಕಡಿತ ಅನಿವಾರ್ಯವಾದರೆ ಅವರನ್ನು ಕೂರಿಸಿ, ಲೆಕ್ಕ ತೋರಿಸಿ, ಅವರ ಮಾತು ಕೇಳಿದ್ದೇವೆಯೇ? ಸೃಷ್ಟಿಕರ್ತನ ಮುಂದೆ ನಮ್ಮದೇ ಲೆಕ್ಕ ತೆರೆಯುವ ದಿನ ಬರುವ ಮುನ್ನ ಪ್ರತಿಯೊಬ್ಬನೂ ಇದನ್ನು ತನ್ನಲ್ಲೇ ಕೇಳಿಕೊಳ್ಳಲಿ.