ಘಟ್ಟದ ಬುಡದ ತೊರೆಗಳಲ್ಲಿ ಫ್ಲೈ ಫಿಶಿಂಗ್

ಕೀಟವನ್ನು ಹೋಲುವಂತೆ ಗರಿ ಮತ್ತು ನೂಲು ಸುತ್ತಿದ ಪುಟ್ಟ ಗಾಳವನ್ನು, ಅಂದರೆ ಫ್ಲೈಯನ್ನು, ದಪ್ಪ ದಾರದ ಭಾರದಿಂದಲೇ ಎಸೆದು ಮೀನು ಹಿಡಿಯುವ ವಿಧಾನವೇ ಫ್ಲೈ ಫಿಶಿಂಗ್. ಇದರೊಡನೆ ಹೆಸರು ಬೆಸೆದುಕೊಂಡಿರುವ ಟ್ರೌಟ್ ತಣ್ಣೀರಿನ ಮೀನಾದ್ದರಿಂದ ನೀಲಗಿರಿಯಂಥ ಎತ್ತರದಲ್ಲಿ ನೆಲೆಯೂರಿತೇ ಹೊರತು ಕರಾವಳಿಯ ಹೊಳೆಗಳಿಗೆ ಒಗ್ಗುವುದಿಲ್ಲ. ಆದರೂ ಬೆಳ್ತಂಗಡಿ, ಬಂಟ್ವಾಳಗಳ ನೇತ್ರಾವತಿಗೂ ಮೂಡುಬಿದಿರೆ ಸೀಮೆಯ ಫಲ್ಗುಣಿಗೂ ನೀರುಣಿಸುವ ತೊರೆಗಳಲ್ಲಿ, ಮೇಲ್ಮೈಯ ಕೀಟಗಳಿಗೆ ಎಗರುವ ಬಾರಿಲಿಯಸ್ ಕುಲದ ಸಣ್ಣ ಮೀನುಗಳು ಈ ವಿಧಾನಕ್ಕೆ ಚೆನ್ನಾಗಿ ಒದಗುತ್ತವೆ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು ಎಂಬುದು ಈ ಜಿಲ್ಲೆಯವರು ಮರೆಯಬಾರದ ಸಂಗತಿ.

ಮೊದಲ ಕೆಲಸ ಜಾಗದ ಆಯ್ಕೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಗಾಳ ಹಾಕುವಂತಿಲ್ಲ. ಕಪಿಲಾ ನದಿಯ ಶಿಶಿಲದಲ್ಲಿ ಪೆರುವೋಲು, ಅಂದರೆ ಮಹಶೀರ್, ದೇವರ ಮೀನಾಗಿ ರಕ್ಷಣೆ ಪಡೆದಿರುವುದರಿಂದ ಅಲ್ಲಿ ಕೋಲನ್ನು ಬಿಚ್ಚುವುದೇ ಸಲ್ಲದು. ಉಳಿದೆಡೆ ಮೀನುಗಾರಿಕೆ ಇಲಾಖೆಯಲ್ಲಿ ಪರವಾನಗಿಯ ವಿಷಯ ವಿಚಾರಿಸಿಕೊಂಡು ತೋಟದ ಒಡೆಯರ ಒಪ್ಪಿಗೆ ಪಡೆಯಬೇಕು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕುವುದಲ್ಲದೆ ಮೀನುಗಳು ಮೊಟ್ಟೆಯಿಡಲು ಮೇಲೇರುವ ಕಾಲವೂ ಅದೇ ಆದ್ದರಿಂದ, ನೀರು ತಿಳಿಯಾಗುವ ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿಯೇ ತಕ್ಕದ್ದು.

ಸಲಕರಣೆ ಸರಳವಾಗಿರಲಿ: ಏಳೆಂಟು ಅಡಿಯ, ದಾರದ ತೂಕದ ಅಳತೆಯಲ್ಲಿ ನಾಲ್ಕನೇ ಸಂಖ್ಯೆಯ ಹಗುರ ಕೋಲು, ತೇಲುವ ದಾರ, ಅದರ ತುದಿಗೆ ಒಂಬತ್ತು ಅಡಿಯಷ್ಟು ಕ್ರಮೇಣ ತೆಳುವಾಗುವ ಪಾರದರ್ಶಕ ಎಳೆ, ಮತ್ತು ಮುಳ್ಳಿಲ್ಲದ ಸಣ್ಣ ಗಾಳಕ್ಕೆ ಕಟ್ಟಿದ ಕಪ್ಪು ಅಥವಾ ಕಂದು ಫ್ಲೈ.

ಇಲ್ಲಿನ ನಿಜವಾದ ಕಷ್ಟವಿರುವುದು ತೊರೆಯ ಇಕ್ಕಟ್ಟಿನಲ್ಲಿ. ಮೀನು ಹರಿವಿಗೆ ಎದುರಾಗಿ ನಿಲ್ಲುವುದರಿಂದ ಕೆಳಗಡೆಯಿಂದ, ಬಾಗಿಕೊಂಡು, ನೆರಳು ನೀರಿನ ಮೇಲೆ ಬೀಳದಂತೆ ಸಮೀಪಿಸಬೇಕು. ಬಂಡೆಯ ಹಿಂದಿನ ನಿಂತ ನೀರೂ ರಭಸದ ಹರಿವೂ ಸಂಧಿಸುವ ಅಂಚಿನಲ್ಲಿ ಮೀನು ಹೆಚ್ಚು ಶ್ರಮವಿಲ್ಲದೆ ಆಹಾರಕ್ಕಾಗಿ ಕಾಯುತ್ತಿರುತ್ತದೆ. ಹಿಂಬದಿಯಲ್ಲಿ ಕೊಂಬೆಗಳಿರುವಲ್ಲಿ ದಾರವನ್ನು ಬೆನ್ನ ಹಿಂದಕ್ಕೆ ಬೀಸಲಾಗದು. ಆಗ ಉಪಯೋಗಕ್ಕೆ ಬರುವುದು ಉರುಳು ಎಸೆತ: ನೀರಿನ ಮೇಲಿರುವ ದಾರವನ್ನು ನಿಧಾನವಾಗಿ ಹತ್ತಿರಕ್ಕೆ ಎಳೆದು, ಕೋಲನ್ನು ಕಿವಿಯ ಮಟ್ಟಕ್ಕೆತ್ತಿ, ದಾರ ಹಿಂದೆ ಬಳಕಿದಾಗ ಕ್ಷಣ ತಡೆದು, ಮುಂದಕ್ಕೆ ಚುರುಕಾಗಿ ಒತ್ತಿದರೆ ಅದು ಉರುಳುತ್ತಾ ಬಿಚ್ಚಿಕೊಳ್ಳುತ್ತದೆ. ಫ್ಲೈ ಬಿದ್ದ ಮೇಲೆ ಹರಿವು ದಾರವನ್ನು ಸೆಳೆದು ಫ್ಲೈಯನ್ನೂ ಎಳೆದಾಡಿದರೆ ಮೀನು ಸಂಶಯದಿಂದ ಸರಿದುಹೋಗುವುದರಿಂದ, ಕೋಲಿನ ತುದಿಯಿಂದ ದಾರದ ನಡುಭಾಗವನ್ನು ಮೇಲ್ಹರಿವಿನ ಕಡೆಗೆ ಹಗುರವಾಗಿ ಎತ್ತಿ ಹಾಕಬೇಕು. ಹೊಸಬರು ದೂರ ಎಸೆಯುವ ಹಂಬಲ ಬಿಟ್ಟು ಇದನ್ನೇ ಮೊದಲು ಕಲಿಯುವುದು ಒಳ್ಳೆಯದು.

ಮೀನು ಕಚ್ಚಿದಾಗ ಜಗ್ಗದೆ ಕೋಲನ್ನು ಎತ್ತಿದರೆ ಸಾಕು. ಆಕಸ್ಮಿಕವಾಗಿ ಪೆರುವೋಲು ಮರಿಯೇ ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡು, ಅದನ್ನು ನೀರಿನಿಂದ ಎತ್ತದೆ ಗಾಳ ಬಿಡಿಸಿ, ತಲೆಯನ್ನು ಹರಿವಿನ ಎದುರಿಗೆ ಹಿಡಿದು, ತಾನಾಗಿ ಈಜುವ ತನಕ ಆಸರೆ ಕೊಡಬೇಕು.